ದೇಜಪ್ಪನವರ ಬೆರಳಿನ ಗೆರೆ

“ಮಾಷ್ಟ್ರೇ, ಬೆರಳಿನ ಗೆರೆ ಅಳಿಸಿಹೋದ್ರೆ ವಾಪಸ್ ಬರ್ಲಿಕ್ಕೆ ಎಷ್ಟು ದಿನ ಬೇಕು?”

೨೦೦೮ರ ನವೆಂಬರ್ ತಿಂಗಳ ಕೊನೆಯ ಶನಿವಾರ ದೇಜಪ್ಪನವರು ತಮ್ಮ ಅಂಗಡಿಯ ಕೌಂಟರಿನ ಹಿಂದೆ ನಿಂತು, ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿ ಈ ಪ್ರಶ್ನೆ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಜರ್ಸಿ ಸಿಟಿಯ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ. ವಿಜ್ಞಾನ ನನಗೆ ಓದಿನ ವಿಷಯ ಮಾತ್ರ. ಒಮ್ಮೆ ಕನ್ನಡ ಕೂಟದ ಸಭೆಯಲ್ಲಿ ಗ್ರಹಣದ ಕುರಿತು ಅರ್ಧ ಗಂಟೆ ಮಾತಾಡಿದ ತಪ್ಪಿಗೆ ಅವರು ನನ್ನನ್ನು ಮಾಷ್ಟ್ರು ಮಾಡಿಬಿಟ್ಟಿದ್ದರು. ಗೊತ್ತಿಲ್ಲ ಎಂದು ಹೇಳಿ ಸುಮ್ಮನಿದ್ದಿದ್ದರೆ ಒಳ್ಳೆಯದಿತ್ತು. ನಾನು ಸುಮ್ಮನಿರಲಿಲ್ಲ.

ಅವರ ಅಂಗಡಿ ನಾನಿರುವ ಹ್ಯಾರಿಸನ್ನಿನಿಂದ ಪಶ್ಚಿಮಕ್ಕೆ ಒಂದು ಗಂಟೆ ಡ್ರೈವ್ ಮಾಡಿದರೆ, ರೂಟ್ ನಲವತ್ತಾರರ ಪಕ್ಕದ ಒಂದು ಸಣ್ಣ ಪಟ್ಟಣದಲ್ಲಿತ್ತು. ಪಟ್ಟಣದ ಹೆಸರು ಇಲ್ಲಿ ಬೇಡ. ಬೇಟೆಗಾರರ ಹಳೆಯ ಸಾಮಾನುಗಳನ್ನು ಕೊಂಡು, ತೊಳೆದು, ರಿಪೇರಿ ಮಾಡಿ ಮಾರುವ ಅಂಗಡಿ ಅದು: ಬಿಲ್ಲುಗಳು, ಬಾಣಗಳು, ಮರಕ್ಕೆ ಕಟ್ಟಿ ಕೂರುವ ಆಸನಗಳು, ಎದೆಮಟ್ಟದ ರಬ್ಬರ್ ಷರಾಯಿಗಳು, ಹಕ್ಕಿಗಳನ್ನು ಸೆಳೆಯಲು ನೀರಿನಲ್ಲಿ ತೇಲಿಬಿಡುವ ಪ್ಲಾಸ್ಟಿಕ್ ಬಾತುಕೋಳಿಗಳು. ಬಂದೂಕನ್ನು ಅವರು ಇಡುತ್ತಿರಲಿಲ್ಲ. ಅದರ ಕಾಗದಪತ್ರ ತಮ್ಮಿಂದಾಗುವ ಕೆಲಸವಲ್ಲ ಎನ್ನುತ್ತಿದ್ದರು.

ಕಾರ್ಕಳದ ಕಡೆಯವರಾದ ದೇಜಪ್ಪನವರು ಈ ದೇಶಕ್ಕೆ ಬಂದದ್ದು ೧೯೮೩ರಲ್ಲಿ, ಜರ್ಸಿ ಸಿಟಿಯ ಹೋಟೆಲೊಂದರಲ್ಲಿ ದೋಸೆ ಹುಯ್ಯಲು. ಊರಿನಲ್ಲಿ ಹಂದಿಬೇಟೆಗೆ ಹೋಗುವವರ ಹಿಂದೆ ನಾಯಿ ಹಿಡಿದು ನಡೆದದ್ದಷ್ಟೇ ಅವರ ಬೇಟೆಯ ಅನುಭವ. ರಜಾದಿನಗಳಲ್ಲಿ ಈ ಅಂಗಡಿಗೆ ಬಂದು, ಅದರ ಮಾಲೀಕನಾಗಿದ್ದ ಪೋಲಿಷ್ ಮುದುಕನ ಜೊತೆ ಬಿಲ್ಲಿನ ದಾರ ಕಟ್ಟುವುದನ್ನು ಕಲಿತರು. ಮುದುಕ ಫ್ಲಾರಿಡಾಕ್ಕೆ ಹೊರಟಾಗ, ೧೯೯೬ರಲ್ಲಿ, ಅಂಗಡಿಯನ್ನು ಇವರಿಗೇ ಕೊಟ್ಟುಹೋದ. ಅವರ ಹೆಂಡತಿ ಸುಗಂಧಿ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು, ಹರಿದ ಜಾಕೆಟ್ಟುಗಳಿಗೆ ತೇಪೆ ಹಚ್ಚುತ್ತ, ಕೆಟ್ಟ ಜಿಪ್ಪುಗಳನ್ನು ಬದಲಿಸುತ್ತ ಹನ್ನೆರಡು ವರ್ಷ ಕಳೆದಿದ್ದರು. ಮಗಳು ನಿಶ್ಮಿತಾ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಕಾಲೇಜು ಓದುತ್ತಿದ್ದಳು.

ವ್ಯಾಪಾರದಲ್ಲಿ ಅವರದೇ ಒಂದು ಪದ್ಧತಿಯಿತ್ತು. ಕಷ್ಟಕ್ಕೆ ಸಿಕ್ಕಿ ಮಾರಿದವನ ಬಿಲ್ಲನ್ನು ಆ ವರ್ಷದ ಬೇಟೆಯ ಕಾಲ ಮುಗಿಯುವ ತನಕ ಬೇರೆಯವರಿಗೆ ಕೊಡುತ್ತಿರಲಿಲ್ಲ. ಗೋಡೆಗೆ ನೇತುಹಾಕಿ, ಹೆಸರಿನ ಚೀಟಿ ಕಟ್ಟುತ್ತಿದ್ದರು. ಬಿಲ್ಲನ್ನು ಒಬ್ಬನ ತೋಳಿನ ಅಳತೆಗೆ ಹೊಂದಿಸಿರುತ್ತಾರೆ, ಅವನು ಮನಸ್ಸು ಬದಲಿಸಿ ಬಂದರೆ ಅದು ಇಲ್ಲಿರಬೇಕು ಎಂಬುದು ಅವರ ವಾದ. ಆ ಶರತ್ಕಾಲದಲ್ಲಿ ಗೋಡೆಯಲ್ಲಿ ಜಾಗ ಸಾಲದೆ, ಸುಗಂಧಿಯವರ ಕೋಣೆಯ ಬಾಗಿಲ ಮೇಲೂ ಬಿಲ್ಲುಗಳು ತೂಗಾಡುತ್ತಿದ್ದವು. ಬ್ಯಾಂಕುಗಳು ಮುಳುಗಿದ ಸುದ್ದಿ ಪತ್ರಿಕೆಯಲ್ಲಿ ಬಂದ ಎರಡು ವಾರಕ್ಕೆ ಅದರ ಫಲ ಈ ಅಂಗಡಿಯ ಗೋಡೆಗೆ ಬರುತ್ತಿತ್ತು.

ಅದೇ ವರ್ಷ ಪಟ್ಟಣದ ಆಡಳಿತ ಹಳೆಯ ವಸ್ತುಗಳನ್ನು ಕೊಳ್ಳುವ ಅಂಗಡಿಗಳಿಗೆ ಹೊಸ ನಿಯಮ ತಂದಿತ್ತು. ಮಾರಲು ಬಂದ ಪ್ರತಿಯೊಬ್ಬರ ಡ್ರೈವಿಂಗ್ ಲೈಸೆನ್ಸನ್ನು ಒಂದು ಪೆಟ್ಟಿಗೆಯ ಮೇಲಿಟ್ಟು ಸ್ಕ್ಯಾನ್ ಮಾಡಬೇಕು. ವಿವರ ಆ ಕ್ಷಣವೇ ಪೊಲೀಸರ ಕಂಪ್ಯೂಟರಿಗೆ ಹೋಗುತ್ತದೆ. ಎಷ್ಟೋ ಮಂದಿ ಆ ಪೆಟ್ಟಿಗೆಯನ್ನು ಕಂಡು, ಮೇಜಿನ ಮೇಲಿಟ್ಟಿದ್ದನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೊರಟುಹೋದದ್ದನ್ನು ನಾನು ನೋಡಿದ್ದೇನೆ.

ನಾನು ಹೇಳುತ್ತಿರುವ ಶನಿವಾರ ಬಂದವನು ಮೈಸೂರಿನ ಬಾಲು. ಜರ್ಸಿ ಸಿಟಿಯಲ್ಲಿ ನನ್ನ ಕಟ್ಟಡದ ಐದನೆಯ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದವನು, ಹಿಂದಿನ ವರ್ಷದ ಬೋನಸ್ಸಿನಲ್ಲಿ ಹೊಚ್ಚಹೊಸ ಬಿಲ್ಲು ಕೊಂಡಿದ್ದವನು.

“ಅಂಕಲ್, ಸ್ಕ್ಯಾನ್ ಮಾಡ್ಲೇಬೇಕಾ? ನಾನೇನ್ ಕದ್ದ ಮಾಲು ತಂದಿದೀನಾ?” ಎಂದ.

“ಕದ್ದದ್ದಲ್ಲ ಅಂತ ನೋಡಿದ್ರೇ ಗೊತ್ತಾಗ್ತದೆ ಮಾರಾಯ. ಕಳ್ಳರು ಉಪಯೋಗಿಸಿದ ಬಿಲ್ಲು ತರ್ತಾರೆ. ಇದಕ್ಕೆ ಒಂದು ಜಿಂಕೆಯಾದ್ರೂ ಬಿದ್ದುಂಟಾ?”

“ಒಂದು ಮರಕ್ಕೆ ಬಿದ್ದಿದೆ ಅಂಕಲ್. ಮೂರು ಸಲ.”

“ಸತ್ತಿತಾ ಮರ?”

ಒಳಗಿನಿಂದ ಸುಗಂಧಿಯವರ ನಗು ಕೇಳಿಸಿತು. ಬಾಲು ಮಾತ್ರ ನಗಲಿಲ್ಲ. “ಕೆಲಸ ಹೋಯ್ತು ಅಂಕಲ್. ಎಚ್ ಒನ್ ವೀಸಾ ಮೇಲಿದೀನಿ. ಪೊಲೀಸ್ ಸಿಸ್ಟಮ್‌ನಲ್ಲಿ ನನ್ನ ಹೆಸರು ಬಂದ್ರೆ ನಾಳೆ ವೀಸಾದವರು ಏನೇನ್ ಕೇಳ್ತಾರೋ.”

“ಎಂತ ಕೇಳುದಿಲ್ಲ. ನೀನು ಬಿಲ್ಲು ಮಾರಿದ್ದು, ಬೇಹುಗಾರಿಕೆ ಮಾಡಿದ್ದಲ್ಲ.”

ಬಾಲು ಕೊನೆಗೆ ಕಾರ್ಡನ್ನು ಪೆಟ್ಟಿಗೆಯ ಮೇಲಿಟ್ಟ. ಹಸಿರು ದೀಪ ಹೊತ್ತಿತು. “ನೋಡು, ನಿನ್ನನ್ನು ಒಂದೇ ಸಲಕ್ಕೆ ಗುರುತು ಹಿಡೀತು,” ಎಂದರು ದೇಜಪ್ಪ. “ನನ್ನನ್ನು ಎರಡು ಸಲವೂ ಯಾರು ಅಂತ ಕೇಳಿತು.”

ಬಾಲು ಹೋದ ಮೇಲೆ ಆ ಮಾತಿನ ಅರ್ಥ ತಿಳಿಯಿತು. ಅಂಗಡಿಯ ಲೈಸೆನ್ಸ್ ಮಾರ್ಚ್ ಮೂವತ್ತೊಂದರೊಳಗೆ ನವೀಕರಣವಾಗಬೇಕು. ಅದಕ್ಕೆ ಮಾಲೀಕನ ಹತ್ತೂ ಬೆರಳುಗಳ ಗುರುತನ್ನು ಯಂತ್ರದ ಗಾಜಿನ ಮೇಲೆ ಕೊಡಬೇಕು; ಅದು ೧೯೯೬ರಲ್ಲಿ ಶಾಯಿ ಹಚ್ಚಿ ಕೊಟ್ಟ ಗುರುತಿಗೆ ಹೊಂದಬೇಕು. ಅಕ್ಟೋಬರಿನಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ಯಂತ್ರ ಅವರ ಬೆರಳುಗಳನ್ನು ತಿರಸ್ಕರಿಸಿತ್ತು. ಇನ್ನು ಒಂದೇ ಅವಕಾಶ. ಪಟ್ಟಣ ಈ ಬಗೆಯ ಹೊಸ ಲೈಸೆನ್ಸ್ ಕೊಡುವುದನ್ನು ನಿಲ್ಲಿಸಿತ್ತು, ಹಾಗಾಗಿ ಒಮ್ಮೆ ಬಿದ್ದುಹೋದರೆ ಅಂಗಡಿ ಮುಚ್ಚಿದಂತೆಯೇ. ಮನೆಯವರೊಬ್ಬರ ಹೆಸರನ್ನು ಸೇರಿಸುವುದಿದ್ದರೂ ನವೀಕರಣದ ದಿನವೇ ಸೇರಿಸಬೇಕಿತ್ತು.

“ಸುಗಂಧಿಯ ಹೆಸರು ಹಾಕಿಸ್ಬೇಕು ಮಾಷ್ಟ್ರೇ. ಅವಳಿಗೆ ಈ ಅಂಗಡಿ ಬಿಟ್ರೆ ಬೇರೆ ಎಂತ ಉಂಟು? ಈ ಪ್ರಾಯದಲ್ಲಿ ಯಾರು ಕೆಲಸ ಕೊಡ್ತಾರೆ, ಅದೂ ಈ ವರ್ಷ?”

“ಆಫೀಸಿನಲ್ಲಿ ನಿಮ್ಮನ್ನು ಬಲ್ಲವರು ಯಾರೂ ಇಲ್ಲವೇ?” ಎಂದು ಕೇಳಿದೆ.

“ಅಲ್ಲಿಯ ಹೆಂಗಸಿಗೆ ಹನ್ನೆರಡು ವರ್ಷದಿಂದ ಗೊತ್ತು. ಅವಳ ಗಂಡನ ಬೂಟು ನಮ್ಮದೇ. ‘ನೀವು ದೇಜಪ್ಪ ಅಂತ ನನಗೆ ಗೊತ್ತು, ಸ್ಕ್ರೀನಿಗೆ ಗೊತ್ತಿಲ್ಲ, ಲೋಷನ್ ಹಚ್ಚಿಕೊಂಡು ಬನ್ನಿ’ ಅಂದ್ಳು. ಕಳ್ಳತನ ಮಾಡ್ಲಿಕ್ಕೆ ಇಷ್ಟು ಒಳ್ಳೆ ಕೈ ಯಾರಿಗುಂಟು ಹೇಳಿ!”

ಅವರ ಬೆರಳ ತುದಿಗಳು ಕೆಂಪಾಗಿ, ಉಜ್ಜಿದ ಕಲ್ಲಿನಂತೆ ನುಣುಪಾಗಿದ್ದವು. ಅಂಚಿನಲ್ಲಿ ಚರ್ಮ ಸುಲಿಯುತ್ತಿತ್ತು. ಏನಾಯಿತು ಎಂದೆ. ರಬ್ಬರ್ ಷರಾಯಿಗಳನ್ನು ಬ್ಲೀಚ್ ಹಾಕಿ ತೊಳೆದದ್ದು, ಮೇಲಿಂದ ಈ ಚಳಿ ಎಂದರು. ಯಾರು ಏನು ಹೇಳಿದರೂ ಪುರಾವೆ ಕೇಳುವ ನಾನು, ಆ ದಿನ ಕೇಳಲಿಲ್ಲ. ವಿವರಣೆ ನನ್ನ ಓದಿಗೆ ಸರಿಹೊಂದುವಂತಿತ್ತು, ಅಷ್ಟು ಸಾಕಾಯಿತು.

ನಾನು ಓದಿದ್ದನ್ನು ಹೇಳಿದೆ. ಬೆರಳಿನ ಗೆರೆ ಮಗು ಹುಟ್ಟುವ ಮೊದಲೇ, ಗರ್ಭದಲ್ಲಿ ನಾಲ್ಕನೆಯ ತಿಂಗಳ ಸುಮಾರಿಗೆ ಮೂಡುತ್ತದೆ. ಅದರ ಅಚ್ಚು ಇರುವುದು ಚರ್ಮದ ಒಳಪದರದಲ್ಲಿ. ಮೇಲ್ಪದರ ಸವೆದರೆ ಗೆರೆ ಕಾಣದಾಗುತ್ತದೆ, ಅಚ್ಚು ಉಳಿದಿರುತ್ತದೆ.

“ಹಾಗಾದ್ರೆ ಒಳಗೆ ಉಂಟು?”

“ಇರಬೇಕು. ಯಾವುದರಿಂದ ಸವೆಯುತ್ತಿದೆಯೋ ಅದನ್ನು ನಿಲ್ಲಿಸಿಬಿಡಿ, ಮರಳುತ್ತದೆ.”

“ನಿಲ್ಲಿಸಿದ್ರೆ ಬಂದೇ ಬರ್ತದೆ ಅಲ್ವಾ?”

“ಬರಬೇಕು.”

“ಮಾರ್ಚ್ ಒಳಗೆ?”

ಎಷ್ಟು ದಿನವೆಂದು ಹೇಳಲಾರೆ ಎಂದೆ. ಅವರು ಅಂಗೈಗಳನ್ನು ತಿರುಗಿಸಿ ಸ್ವಲ್ಪ ಹೊತ್ತು ನೋಡಿಕೊಂಡರು. ಆಮೇಲೆ, “ಆಯ್ತು, ನಿಲ್ಲಿಸುವ,” ಎಂದರು.

ತೊಳೆಯುವ ಕೆಲಸವನ್ನು ಸುಗಂಧಿ ವಹಿಸಿಕೊಂಡರು. ಜನವರಿಯಲ್ಲಿ ನಾನು ಹೋದಾಗ ದೇಜಪ್ಪನವರು ಭೂತಗನ್ನಡಿ ತಂದು, ಬಲಗೈಯ ತೋರುಬೆರಳನ್ನು ತೋರಿಸಿದರು. ಕೆಂಪು ಇಳಿದಿತ್ತು. ಉಗುರಿನ ಬದಿಯಿಂದ ಆರಂಭಿಸಿ, ನೇಗಿಲು ಹೊಡೆದ ಗದ್ದೆಯಂತೆ ಸಣ್ಣ ಸಾಲುಗಳು ಕಾಣುತ್ತಿದ್ದವು. ನನ್ನ ಊಹೆ ನಿಜವಾದ ಸಂತೋಷದಲ್ಲಿ ನಾನು ಬೆರಳನ್ನು ನೋಡಿದೆನೇ ಹೊರತು ಮುಖವನ್ನು ನೋಡಲಿಲ್ಲ. ಅವರು ಇಳಿದುಹೋಗಿದ್ದರು. ಆ ಚಳಿಗಾಲದಲ್ಲಿ ಯಾರು ಇಳಿದಿರಲಿಲ್ಲ? ನಮ್ಮ ಕಚೇರಿಯ ಅರ್ಧ ಮೇಜುಗಳು ಖಾಲಿಯಾಗಿದ್ದವು. ಉಳಿದವರೂ ಸರಿಯಾಗಿ ಉಣ್ಣುತ್ತಿರಲಿಲ್ಲ. ಬಾಲು ವೀಸಾ ಮುಗಿದು ಊರಿಗೆ ಮರಳಿದ್ದ. ಅವನ ಬಿಲ್ಲಿನ ಚೀಟಿಯನ್ನು ದೇಜಪ್ಪನವರು ಬಿಚ್ಚಿರಲಿಲ್ಲ.

ಮಾರ್ಚ್ ಎರಡನೆಯ ವಾರ ದೇಜಪ್ಪನವರು ಫೋನ್ ಮಾಡಿ, ಪಟ್ಟಣದ ಕಚೇರಿಗೆ ಕರೆದುಕೊಂಡು ಹೋಗಲಾಗುತ್ತದೆಯೇ, ತಮಗೆ ಡ್ರೈವ್ ಮಾಡಲು ಸುಸ್ತು ಎಂದರು. ನಾನು ಹೋದೆ. ಸುಗಂಧಿ ಹಿಂದಿನ ಸೀಟಿನಲ್ಲಿ ಕೈಚೀಲವನ್ನು ಎದೆಗವಚಿ ಕುಳಿತಿದ್ದರು. ಕಚೇರಿಯ ಹೆಂಗಸು ಒಂದೊಂದೇ ಬೆರಳನ್ನು ಹಿಡಿದು ಗಾಜಿನ ಮೇಲೆ ಹೊರಳಿಸಿದಳು. ಹೆಬ್ಬೆರಳು ಹಸಿರು, ತೋರುಬೆರಳು ಹಸಿರು. ನಾಲ್ಕನೆಯದು ಎರಡು ಸಲ ಕೆಂಪಾಯಿತು. ಅವಳು ಗಾಜಿನ ಮೇಲೆ ಉಸಿರೂದಿ ಒರೆಸಿ ಬೆರಳನ್ನು ಮತ್ತೆ ಇಟ್ಟಳು, ಹಸಿರಾಯಿತು. ಹತ್ತೂ ಮುಗಿದ ಮೇಲೆ ಪರದೆಯ ಮೇಲೆ ಅವರ ಹೆಸರು ಮೂಡಿತು.

“ಇವನೇ ದೇಜಪ್ಪ ಅಂತೆ,” ಎಂದರು ಅವರು ಕನ್ನಡದಲ್ಲಿ, ಯಾರಿಗೆಂದಿಲ್ಲದೆ.

ಸುಗಂಧಿಯವರ ಬೆರಳುಗಳನ್ನು ಯಂತ್ರ ಒಂದೇ ಸಲಕ್ಕೆ ಒಪ್ಪಿತು. ಅವರ ಹೆಸರು ಲೈಸೆನ್ಸಿಗೆ ಸೇರಿತು. ಮರಳುವಾಗ ಕಾರಿನಲ್ಲಿ ದೇಜಪ್ಪನವರು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದರು.

“ಇಷ್ಟಕ್ಕೆ ಎಂತ ಅಳುದು ನೀವು? ಲೈಸೆನ್ಸ್ ಸಿಕ್ಕಿತಲ್ಲ,” ಎಂದು ಸುಗಂಧಿ ಗದರಿದರು.

“ಸಿಕ್ಕಿತಲ್ಲ, ಅದಕ್ಕೇ.”

ಮೇ ತಿಂಗಳ ಕೊನೆಯ ವಾರ ಅವರು ತೀರಿಕೊಂಡರು. ಐವತ್ತಾರು ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್, ಅದು ಪಿತ್ತಜನಕಾಂಗಕ್ಕೆ ಹಬ್ಬಿತ್ತು ಎಂಬುದು ನಮಗೆಲ್ಲ ಗೊತ್ತಾದದ್ದು ಅಂತ್ಯಕ್ರಿಯೆಯ ಸಭಾಂಗಣದಲ್ಲಿ. ರೋಗ ಪತ್ತೆಯಾದದ್ದು ಹಿಂದಿನ ಬೇಸಿಗೆಯಲ್ಲಿ. ಹೆಂಡತಿ ಮತ್ತು ಮಗಳಿಗೆ ಮಾತ್ರ ಹೇಳಿ, ಹೊರಗೆ ಬಾಯಿಬಿಡಬಾರದೆಂದು ಮಾತು ತೆಗೆದುಕೊಂಡಿದ್ದರು. ಜನ ಅಂಗಡಿಗೆ ಬಂದು ಬಿಲ್ಲು ನೋಡುವ ಬದಲು ತಮ್ಮ ಮುಖ ನೋಡುತ್ತಾರೆ ಎಂದಿದ್ದರಂತೆ.

ಆಗಸ್ಟಿನಲ್ಲಿ ನಿಶ್ಮಿತಾ ಇನ್ಶೂರೆನ್ಸಿನ ಅರ್ಜಿ ತುಂಬಿಸಲು ಆಸ್ಪತ್ರೆಯ ಕಾಗದಗಳನ್ನು ಹೊತ್ತು ನಮ್ಮ ಮನೆಗೆ ಬಂದಳು. ಕಾಗದಗಳ ಜೊತೆಗೆ ಕ್ಯಾನ್ಸರಿನ ಗುಳಿಗೆಯ ನಾಲ್ಕು ಬಾಟಲಿಗಳನ್ನೂ ಮೇಜಿನ ಮೇಲಿಟ್ಟಳು. “ಅಂಕಲ್, ಇದು ಪಪ್ಪನ ಟೂಲ್ ಕ್ಯಾಬಿನೆಟ್‌ನಲ್ಲಿ ಸಿಕ್ಕಿತು. ದೇ ಆರ್ ಆಲ್ ಸೀಲ್ಡ್. ಮಾರ್ನಿಂಗ್ ನಮ್ಮೆದುರು ತಗೊಳ್ತಿದ್ದದ್ದು ಬರೀ ವಿಟಮಿನ್ ಅಂತ ಈಗ ಗೊತ್ತಾಯ್ತು. ವೈ ವುಡ್ ಹಿ ಡೂ ದಟ್?”

ಡಿಸೆಂಬರ್, ಜನವರಿ, ಫೆಬ್ರವರಿ, ಮಾರ್ಚ್ ಎಂದು ಬಾಟಲಿಗಳ ಮೇಲೆ ತಾರೀಖುಗಳಿದ್ದವು. ಅವುಗಳೊಡನೆ ಮಡಿಸಿಟ್ಟ ಸಣ್ಣ ಅಕ್ಷರದ ಕಾಗದವನ್ನು ಬಿಡಿಸಿ ಓದಿದೆ. ಅಡ್ಡಪರಿಣಾಮಗಳ ಪಟ್ಟಿಯಲ್ಲಿ ಅಂಗೈ ಕೆಂಪಾಗುವುದು, ಚರ್ಮ ಸುಲಿಯುವುದು ಎಂದಿತ್ತು. ಬೆರಳಿನ ಗೆರೆಯ ಮಾತು ಅದರಲ್ಲಿರಲಿಲ್ಲ. ಅದನ್ನು ಆಮೇಲೆ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಹುಡುಕಿ ಓದಿದೆ. ಆ ಗುಳಿಗೆ ನುಂಗುವ ಕೆಲವರ ಬೆರಳಚ್ಚು ಅಳಿಸಿಹೋಗುತ್ತದೆ; ನಿಲ್ಲಿಸಿದರೆ ಮರಳುತ್ತದೆ.

ಗುಳಿಗೆ ಮುಂದುವರಿಸಿದ್ದರೆ ಅವರು ಎಷ್ಟು ದಿನ ಬದುಕುತ್ತಿದ್ದರು ಎಂದು ಯಾರೂ ಹೇಳಲಾರರು. ಒಬ್ಬನೇ ರೋಗಿಯಿಂದ ಇಂಥ ತೀರ್ಮಾನಕ್ಕೆ ಬರಲಾಗದು ಎಂಬುದನ್ನು ನಾನು ಬಲ್ಲೆ, ನಿಶ್ಮಿತಾಗೂ ಹಾಗೆಯೇ ಹೇಳಿದೆ. ಅವಳು ತಲೆಯಾಡಿಸಿ, ಅರ್ಜಿಗೆ ಬೇಕಾದ ತಾರೀಖುಗಳಿಗಾಗಿ ಆಸ್ಪತ್ರೆಯ ಕಾಗದಗಳನ್ನು ನನ್ನ ಕಡೆ ತಳ್ಳಿದಳು. ಅವುಗಳಲ್ಲಿ ನವೆಂಬರ್ ಹದಿನಾಲ್ಕರ, ಅವರು ನನ್ನೆದುರು ಅಂಗೈ ಚಾಚಿದ ಶನಿವಾರಕ್ಕೆ ಎರಡು ವಾರ ಮೊದಲಿನ, ಸ್ಕ್ಯಾನಿನ ವರದಿಯೊಂದಿತ್ತು. ಗಡ್ಡೆಗಳು ಮೊದಲಿನ ಅರ್ಧಕ್ಕೆ ಕುಗ್ಗಿವೆ, ಇದೇ ಔಷಧವನ್ನು ಮುಂದುವರಿಸುವುದು ಎಂದು ಅದರಲ್ಲಿ ಬರೆದಿತ್ತು. ರೋಗಿಗೆ ವಿವರಿಸಲಾಗಿದೆ ಎಂಬ ಸಾಲಿನ ಕೆಳಗೆ ದೇಜಪ್ಪನವರ ಸಹಿಯಿತ್ತು.