ಯಾರಿನಾ ಬಿಡಿಸಿದ ಹೂವು

ಬೆಳಿಗ್ಗೆ ಏಳು ಗಂಟೆ ನಲವತ್ತೆರಡು ನಿಮಿಷ. ಯುಕ್ರೇನಿನ ಖಾರ್ಕಿವ್‌ನ ಒಂದು ಕಟ್ಟಡದ ಏಳನೆಯ ಮಹಡಿಯಲ್ಲಿ, ಎರಡು ಮನೆಗಳ ನಡುವಿನ ಕಿಟಕಿಯಿಲ್ಲದ ಕಾರಿಡಾರಿನಲ್ಲಿ ಕುಳಿತು, ಯಾರಿನಾ ಹೊರ್ಬಾನ್ ಲ್ಯಾಪ್‌ಟಾಪಿನಲ್ಲಿ ಒಂದು ಹೂವಿಗೆ ಬಣ್ಣ ತುಂಬುತ್ತಿದ್ದಳು. ಹೊರಗೆ ವೈಮಾನಿಕ ದಾಳಿಯ ಸೈರನ್ ಕೂಗುತ್ತಿತ್ತು.

ಹೂವು ಅವಳು ಮಕ್ಕಳಿಗಾಗಿ ರೂಪಿಸಿದ ಕಲಿಕೆಯ ಆ್ಯಪ್‌ನದು. ಲೆಕ್ಕ, ಓದು, ಕೈಕೆಲಸ, ವ್ಯಾಯಾಮ, ನೋಟ ಎಂದು ಐದು ದಳ. ಪ್ರತಿದಿನ ಬೆಳಿಗ್ಗೆ ಎಂಟರೊಳಗೆ ಐದೂ ತುಂಬಿದರೆ ಅರಳುತ್ತದೆ, ಒಂದು ತಪ್ಪಿದರೂ ಬಾಡುತ್ತದೆ. ನೋಟಕ್ಕೆ ಕಿಟಕಿಯ ಬಳಿ ನಿಂತು ಕಂಡದ್ದನ್ನು ಚಿತ್ರಿಸಬೇಕು. ಯುದ್ಧದಿಂದಾಗಿ ಶಾಲೆಯೂ ಪರದೆಯೊಳಗೇ ನಡೆಯುವ ಮಕ್ಕಳು ಒಂದು ಮರವನ್ನಾದರೂ ನೋಡಲಿ ಎಂದು ಯಾರಿನಾಳೇ ಹಟ ಹಿಡಿದು ಅದನ್ನು ಸೇರಿಸಿದ್ದಳು.

"ನಿನ್ನ ಹೂವಿನ ಗಲಾಟೇಲಿ ಇವಳು ಹಲ್ಲುಜ್ಜೋದೂ ಬಿಟ್ಲು ಕಣೆ," ಎಂದಳು ಎದುರು ಮನೆಯ ಅಜ್ಜಿ ಸ್ತೆಫಾನಿಯಾ.

"ಹಲ್ಲಿಗೂ ಒಂದು ದಳ ಇಡ್ತೀನಿ ಬಿಡಿ, ಅಜ್ಜಿ."

"ನಂಗೆ ನೋಟ ಒಂದೇ ಬಾಕಿ," ಎಂದಳು ಒಂಬತ್ತರ ಮೊಮ್ಮಗಳು ಮಿಲಾನಾ. "ಇಲ್ಲಿ ಏನ್ ನೋಡ್ಲಿ? ಅಜ್ಜಿ ಮೂಗಾ?"

"ಬರಿ. ಮರಕ್ಕಿಂತ ಚೆನ್ನಾಗಿದೆ," ಎಂದಳು ಯಾರಿನಾ.

ನೀರು ಕುಡಿದು ಬರುತ್ತೇನೆಂದು ಹುಡುಗಿ ಎದ್ದಳು. ಅವರ ಮನೆಯ ಕಿಟಕಿಗಳಿಗೆಲ್ಲ ಹಿಂದಿನ ದಾಳಿಯ ನಂತರ ಪ್ಲೈವುಡ್ ಬಡಿದಿತ್ತು. ಗಾಜು ಉಳಿದದ್ದು ಅಡುಗೆಮನೆಯಲ್ಲಿ ಮಾತ್ರ.

ಬಾಂಬು ಎದುರಿನ ಕಟ್ಟಡಕ್ಕೆ ಬಿತ್ತು. ಮೊದಲು ನೆಲ ಎದ್ದು ಗುದ್ದಿತು, ಆಮೇಲೆ ಶಬ್ದ. ಬಾಗಿಲು ಚೌಕಟ್ಟಿನ ಸಮೇತ ಹಾರಿ ಬಂದು ಸ್ತೆಫಾನಿಯಾಳ ಭುಜ ಮುರಿಯಿತು. ಯಾರಿನಾ ಧೂಳಿನಲ್ಲಿ ತೆವಳಿ ಅಡುಗೆಮನೆ ಸೇರಿದಾಗ ಮಿಲಾನಾ ಒಲೆಗೆ ಒರಗಿ ಬಿದ್ದಿದ್ದಳು. ಮುಖದ ತುಂಬ ಗಾಜು. ಎಡಗಣ್ಣಿನಲ್ಲಿ ಬೆರಳಗಲದ ಚೂರು. ಕತ್ತಿನಿಂದ ರಕ್ತ ಚಿಮ್ಮುತ್ತಿತ್ತು. ಕತ್ತಿಗೆ ಪಟ್ಟಿ ಬಿಗಿಯುವಂತಿಲ್ಲ. ಗಾಯಕ್ಕೆ ಟವೆಲು ತುರುಕಿ ಮೈಭಾರವನ್ನೆಲ್ಲ ಹಾಕಿ ಅದುಮಿದಳು. ಚೂರುಗಳು ಅವಳ ಅಂಗೈಗೂ ಇಳಿದವು.

"ಮರ ಬರೀತಿದ್ದೆ, ಅಕ್ಕ."

"ಮಾತಾಡ್ಬೇಡ, ಚಿನ್ನ."

ಇನ್ನೊಂದು ಬಾಂಬು ಬಿತ್ತು. ಗೋಡೆಯ ಕಪಾಟು ಕಳಚಿ ಯಾರಿನಾಳ ಬೆನ್ನಿಗೆ ಅಪ್ಪಳಿಸಿತು. ಅವಳು ಕೈ ಎತ್ತಲಿಲ್ಲ.

ಹುಡುಗಿ ಉಳಿದಳು. ಕಣ್ಣು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಸ್ತೆಫಾನಿಯಾ ಗೋಡೆಯ ಕಡೆ ಮುಖ ಮಾಡಿ ಹೇಳಿದಳು: "ಬಾಂಬು ಹಾಕಿದೋರು ಬೇರೆ, ಗೊತ್ತು. ಕಿಟಕಿಗೆ ಕಳಿಸಿದ್ದು ಯಾರು ಅನ್ನೋದೂ ಗೊತ್ತು."

ಯಾರಿನಾ ಕೈಗೆ ಹೊಲಿಗೆ ಹಾಕಿಸಿಕೊಂಡು ಮೊಗಸಾಲೆಯಲ್ಲಿ ಕುಳಿತು ಆ್ಯಪ್ ತಿದ್ದಿದಳು. ಇನ್ನು ಸೈರನ್ ಇರುವಾಗ ಕಿಟಕಿಯ ಕೆಲಸ ತೆರೆಯದು. ಯಾವ ದಳ ತಪ್ಪಿದರೂ, ಎಷ್ಟು ದಿನ ತಪ್ಪಿದರೂ ಹೂವು ಬಾಡದು.

ಹಣ ಹೂಡಿದ್ದ ಬೊಹ್ದಾನ್ ಕೀವ್‌ನಿಂದ ಫೋನ್ ಮಾಡಿದ. "ಸೈರನ್ ಇದ್ದಾಗ ಕಿಟಕಿ ಕೆಲಸ ಬೇಡ, ಒಪ್ಪಿದೆ. ಬಾಡೋದನ್ನ ಯಾಕಮ್ಮಾ ತೆಗೀತೀಯ? ಆ ಹೆದರಿಕೆ ಇಲ್ದಿದ್ರೆ ಮಕ್ಕಳು ದಿನಾ ಬರ್ತಾವಾ?"

"ಆಗದ ದಿನ ಬರೋದು ಬೇಡ."

"ಎಷ್ಟು ಮಕ್ಕಳು ಬಿಟ್ಟು ಹೋಗ್ತಾರೆ, ಲೆಕ್ಕ ಹಾಕಿದೀಯಾ?"

"ಹಾಕಿದೀನಿ," ಎಂದಳು ಯಾರಿನಾ. "ನೂರಕ್ಕೆ ನಲವತ್ತು."