ಬೀಗ ಹಾಕು ಎಂದವನು ನಾನು

‘ಎಲ್ಲಾ ಇಳಿದ್ರಪ್ಪಾ, ಬೀಗ ಹಾಕು!’ — ಅಂದು ಮಧ್ಯಾಹ್ನ ಚರ್ಚಿನ ಗೋಪುರದ ಮೆಟ್ಟಿಲಿನಿಂದ ಹಾಗೆ ಕೂಗಿದವರು ದೇವದಾನ ಮೇಷ್ಟ್ರಲ್ಲ. ನಾನು. ಧ್ವನಿ ಅವರದು, ಬಾಯಿ ನನ್ನದು. ಆ ಒಂದು ಮಾತಿನಿಂದ ತಾಯಿ-ಮಗಳಿಬ್ಬರು ಬಿಸಿಲಿಗೆ ಸುಡುವ ಮಾಳಿಗೆಯ ಮೇಲೆ ಸಿಕ್ಕಿಕೊಂಡರು. ಮೇಷ್ಟ್ರು ತಮಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದು ನಂಬಿದರು. ಮೂರು ವರ್ಷ ನಂಬಿದರು. ನಂಬಿಕೊಳ್ಳಲಿ ಎಂದು ನಾನು ಬಿಟ್ಟೆ.

ಓದುತ್ತಿರುವ ನಿಮ್ಮಲ್ಲಿ ಕೆಲವರು ನನ್ನನ್ನು ನೋಡಿರುತ್ತೀರಿ. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು ಕಡೆಯ ಆರತಕ್ಷತೆಗಳಲ್ಲಿ, ಊಟಕ್ಕೆ ಎಲೆ ಬೀಳುವ ತನಕ ಜನ ಎದ್ದು ಹೋಗದಿರಲಿ ಎಂದು ಒಬ್ಬನ ಕೈಗೆ ಮೈಕು ಕೊಟ್ಟು ನಿಲ್ಲಿಸುತ್ತಾರಲ್ಲ — ಅವನೇ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹರಾಜು ಮಾಡುತ್ತೇನೆ. ಖಾಸಗಿ ಬಸ್ಸಿನ ಕಂಡಕ್ಟರನ್ನು ಮಾಡುತ್ತೇನೆ. ಸಾಹೇಬರ ಫೋನು ಬಂದರೆ ಮಾತ್ರ ಕುರ್ಚಿಯಿಂದ ಏಳುವ ತಾಲ್ಲೂಕು ಕಚೇರಿಯ ಗುಮಾಸ್ತನನ್ನೂ ಮಾಡುತ್ತೇನೆ; ಅದು ನಮ್ಮಪ್ಪ. ಅಕೌಂಟ್ಸ್‌ನಲ್ಲಿ ಮತ್ತೆ ಫೇಲಾಗಿ ಬಂದು ‘ಪೇಪರ್ ಟಫ್ ಇತ್ತಮ್ಮಾ’ ಎಂದು ರಾಗ ಎಳೆಯುವ ಮಗನದೂ ಒಂದು ಐಟಂ ಇದೆ, ಅದು ನಾನೇ. ಪಾಂಪ್ಲೆಟ್ಟಿನಲ್ಲಿ ನನ್ನ ಹೆಸರಿನ ಹಿಂದೆ ‘ಧ್ವನಿ ಮಾಂತ್ರಿಕ’ ಎಂದು ಹಾಕುತ್ತಾರೆ. ಮಾಂತ್ರಿಕನಂತೆ! ಜೇಬುಗಳ್ಳನನ್ನು ಯಾರಾದರೂ ಜೇಬಿನ ಮಾಂತ್ರಿಕ ಎನ್ನುತ್ತಾರೆಯೇ?

ಅದು ನಮ್ಮೂರಿನ ಹಳೆಯ ಕಲ್ಲಿನ ಚರ್ಚು. ಹೆಸರು ಬೇಡ, ಅದರದೇನೂ ತಪ್ಪಿಲ್ಲ. ಗೋಪುರದ ಮೆಟ್ಟಿಲು ರಿಪೇರಿಯಾದ ಮೇಲೆ ಶನಿವಾರದ ದಿನ ಬಂದವರಿಗೆಲ್ಲ ಚರ್ಚು ತೋರಿಸಿ, ಮಾಳಿಗೆಗೂ ಕರೆದೊಯ್ಯುತ್ತಿದ್ದರು. ತೋರಿಸುವವರು ದೇವದಾನ ಮೇಷ್ಟ್ರು — ನಿವೃತ್ತ ಪಿ.ಟಿ. ಮೇಷ್ಟ್ರು, ನಮ್ಮ ಹಿಂದಿನ ಬೀದಿಯವರು. ನಾವು ನಾಲ್ವರು ಕಾಲೇಜಿನವರು ಹೋದದ್ದು ಭಕ್ತಿಗೂ ಅಲ್ಲ, ಚರಿತ್ರೆಗೂ ಅಲ್ಲ. ಮೇಲಿನಿಂದ ರೀಲ್ಸ್ ಚೆನ್ನಾಗಿ ಬರುತ್ತದೆ ಎಂದು ನನ್ನ ಗೆಳೆಯ ಸೀನ ಹೇಳಿದ್ದಕ್ಕೆ.

‘ಕ್ಯೂ! ಕ್ಯೂನಲ್ಲಿ ಬರ್ಬೇಕು! ಏಯ್ ಉದ್ದನೆಯವನೇ, ತಲೆ ಬಗ್ಸಪ್ಪಾ. ಬಾಗ್ಲು ಇಂಗ್ಲಿಷ್‌ನೋರ ಕಾಲದ್ದು, ಏನೂ ಆಗಲ್ಲ. ಹಣೆ ನಿಂದು, ನೋಡ್ಕೋ.’

ಒಳಗೆ ಹೋದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ‘ಗಾಥಿಕ್ ಗಾಥಿಕ್ ಅಂತಾರೆ, ಏನ್ರಪ್ಪಾ ಹಂಗಂದ್ರೆ? ಗೊತ್ತಿಲ್ಲ. ನಂಗೂ ಗೊತ್ತಿರ್ಲಿಲ್ಲ ಬಿಡಿ. ಎಲ್ರೂ ಕೈ ಮುಗೀರಿ. ಮುಗುದ್ರಾ? ಬೆರಳ ತುದಿ ನೋಡಿ, ಈಗ ಆ ಕಮಾನು ನೋಡಿ. ಅಷ್ಟೇ! ಕಲ್ಲು ಕೈ ಮುಗೀತಾ ಐತೆ. ನಡೀರಿ ಮುಂದೆ!’

ಪ್ರತಿ ಅಪ್ಪಣೆಗೂ ಮುಂಚೆ ಒಂದು ಒಣ ಕೆಮ್ಮು. ‘ಅಪ್ಪಾ’ ಎನ್ನುವಾಗ ಕೊನೆಯಲ್ಲಿ ಮೇಲಕ್ಕೇಳುವ ತೆಲುಗಿನ ಎಳೆತ. ಜನ ಬಣ್ಣದ ಗಾಜು ನೋಡುತ್ತಿದ್ದರು. ನಾನು ಆ ಗಂಟಲನ್ನು ನೋಡುತ್ತಿದ್ದೆ. ಮಾಳಿಗೆ ತಲುಪುವಷ್ಟರಲ್ಲಿ ಅದು ಪೂರ್ತಿ ನನ್ನೊಳಗೆ ಬಂದಿತ್ತು.

ಮಾಳಿಗೆಯಿಂದ ಒಂದು ಕಡೆ ನಂದಿ ಬೆಟ್ಟ, ಕೆಳಗೆ ದ್ರಾಕ್ಷಿ ತೋಟಗಳ ಮೇಲೆ ಹೊದಿಸಿದ ಬಲೆ, ಇನ್ನೊಂದು ಕಡೆ ಪೆರೇಸಂದ್ರದತ್ತ ಓಡುವ ಹೈವೇ. ‘ಅಗೋ, ಆ ಲಾರಿ ಸೀದಾ ಹೈದರಾಬಾದಿಗೆ. ಟಾಟಾ ಮಾಡಿ. ಡ್ರೈವರ್‌ಗೆ ಕಾಣಲ್ಲ, ಆದ್ರೂ ಮಾಡಿ’ ಎಂದರು ಮೇಷ್ಟ್ರು. ಗೌರಿಬಿದನೂರಿನಿಂದ ಬಂದಿದ್ದ ತಾಯಿಯೊಬ್ಬಳ ಜೊತೆ ಐದಾರು ವರ್ಷದ ಮಗಳಿದ್ದಳು. ಆ ಮಗು ಪ್ರತಿ ಲಾರಿಗೂ ಟಾಟಾ ಮಾಡತೊಡಗಿತು. ಇಳಿಯಲು ಒಪ್ಪಲೇ ಇಲ್ಲ. ‘ನೀನು ನಿಧಾನಕ್ಕೆ ಬಾಮ್ಮಾ, ನಾನು ಕೆಳಗೇ ಇರ್ತೀನಿ’ ಎಂದು ಮೇಷ್ಟ್ರು ನಮ್ಮನ್ನು ಇಳಿಸಿದರು.

ಅಲ್ಲಿಯ ಕ್ರಮವನ್ನು ಅವರೇ ಹತ್ತುವಾಗ ಹೇಳಿದ್ದರು. ಕಾವಲಿನ ಮುನೆಪ್ಪನಿಗೆ ಮಂಡಿನೋವು, ಮೆಟ್ಟಿಲು ಹತ್ತಲಾರ. ಚರ್ಚಿನ ಹಿಂದೆ ಮರದ ಕೆಳಗೆ ಕೂತಿರುತ್ತಾನೆ. ಎಲ್ಲರೂ ಇಳಿದ ಮೇಲೆ ಮೇಷ್ಟ್ರು ಕೊನೆಯ ತಿರುವಿನ ಕಿಂಡಿಯಿಂದ ಕೂಗಬೇಕು, ಆಗ ಅವನು ಬಂದು ಮೆಟ್ಟಿಲ ಬುಡದ ಕಬ್ಬಿಣದ ಬಾಗಿಲಿಗೆ ಬೀಗ ಹಾಕಬೇಕು. ‘ನಾನು ಕೂಗೋವರ್ಗೂ ಮುನೆಪ್ಪ ಅಲ್ಲಾಡಲ್ಲ. ಕೂಗಿದ್ಮೇಲೆ ಯಮ ಬಂದ್ರೂ ನಿಲ್ಲಲ್ಲ, ಊಟದ ಟೈಮು!’

ಮೇಷ್ಟ್ರಿಗೆ ಫೋನು ಬಂತು. ಮಾತಾಡುತ್ತ ಮುಂದಿನ ಗೇಟಿನ ಕಡೆ ಹೋದರು. ನಾವು ನಾಲ್ವರು ಇನ್ನೂ ಆ ತಿರುವಿನಲ್ಲಿದ್ದೆವು.

‘ಲೋ, ಮೇಷ್ಟ್ರು ಥರ ಕೂಗೋ’ ಎಂದ ಸೀನ. ‘ಆ ಯಪ್ಪ ಬರ್ತಾನಾ ನೋಡಣ.’

ಕೆಮ್ಮಿದೆ. ಕೂಗಿದೆ. ಸೀನ ಬಾಯಿಗೆ ಕರವಸ್ತ್ರ ತುರುಕಿಕೊಂಡು ನಕ್ಕ.

ಮೇಲೆ ಅವರಿಬ್ಬರಿರುವುದು ಮರೆತಿತ್ತು ಎಂದು ಬರೆದರೆ ಎಷ್ಟು ಸುಲಭ! ಮರೆತಿರಲಿಲ್ಲ. ಮುನೆಪ್ಪ ಬರುತ್ತಾನೆ, ಮೇಷ್ಟ್ರು ಬೈಯುತ್ತಾರೆ, ಇಬ್ಬರೂ ಜಗಳವಾಡುತ್ತಾರೆ, ಆ ಜಗಳ ನನಗೊಂದು ಹೊಸ ಐಟಂ ಆಗುತ್ತದೆ — ಇಷ್ಟೇ ತಲೆಯಲ್ಲಿದ್ದದ್ದು. ನಿಂತು ನೋಡುವಷ್ಟೂ ವ್ಯವಧಾನ ಇರಲಿಲ್ಲ. ಗೋಬಿ ತಿನ್ನಲು ಹೋದೆವು. ಮಾರ್ಚ್ ತಿಂಗಳ ಬಿಸಿಲಿನಲ್ಲಿ, ಫ್ಯಾನಿನ ಕೆಳಗೆ ಕೂತು, ಗೋಬಿ ತಿಂದೆವು.

ಮುನೆಪ್ಪ ಬೀಗ ಹಾಕಿ ಊಟಕ್ಕೆ ಹೋದ. ಫೋನು ಮುಗಿಸಿ ಬಂದ ಮೇಷ್ಟ್ರು ಬೀಗ ನೋಡಿ, ತಾಯಿ-ಮಗಳು ಇಳಿದದ್ದನ್ನು ಮುನೆಪ್ಪ ನೋಡಿಯೇ ಹಾಕಿದ್ದಾನೆ ಎಂದುಕೊಂಡು ಮನೆಗೆ ಹೋದರು. ಆ ತಾಯಿಯ ಬ್ಯಾಗು, ಅದರೊಳಗಿನ ಫೋನು, ನೀರಿನ ಬಾಟಲಿ — ಎಲ್ಲ ಕೆಳಗೆ ಬೆಂಚಿನ ಮೇಲೆ. ಅವಳು ಕೂಗಿದ್ದು ಹೈವೇಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಸಂಜೆ ಆ ಬ್ಯಾಗು ಕಂಡು ಮುನೆಪ್ಪ ಬಾಗಿಲು ತೆಗೆದಾಗ ಮಗು ಅವಳ ಸೆರಗಿನ ನೆರಳಲ್ಲಿ ಪ್ರಜ್ಞೆ ತಪ್ಪಿ ಮಲಗಿತ್ತು.

ಮಗು ಉಳಿಯಿತು. ಆಸ್ಪತ್ರೆ, ಗ್ಲೂಕೋಸು, ಉಳಿಯಿತು. ‘ಉಳೀತಲ್ಲ ಬಿಡೋ’ ಎಂದು ಸೀನ ಇವತ್ತಿಗೂ ಹೇಳುತ್ತಾನೆ. ಆ ‘ಬಿಡೋ’ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ — ಅವನ ಮೇಲಲ್ಲ. ಮೂರು ವರ್ಷ ನನಗೆ ನಾನೇ ಹೇಳಿಕೊಂಡದ್ದೂ ಅದೇ ಮಾತು.

ಸೀನ ಚರ್ಚಿನಲ್ಲಿ ಹೆಲ್ಮೆಟ್ಟು ಮರೆತಿದ್ದ. ಅದಕ್ಕಾಗಿ ಆ ಸಂಜೆ ನಾವು ವಾಪಸು ಹೋದಾಗ ಚರ್ಚಿನ ಮುಂದೆ ಜನ. ಮಗುವಿನ ತಂದೆ ಗೌರಿಬಿದನೂರಿನಿಂದ ಓಡಿ ಬಂದಿದ್ದ; ಮೇಷ್ಟ್ರ ಅಂಗಿ ಅವನ ಮುಷ್ಟಿಯಲ್ಲಿತ್ತು. ಮುನೆಪ್ಪ ಅಳುತ್ತಿದ್ದ.

‘ಮೀ ಗೊಂತೇ ಸಾರ್! ನಿಮ್ಮ ಧ್ವನೀನೇ! ನೀವು ಕೂಗಿದ್ರಿ, ನಾನು ಹಾಕ್ದೆ. ದೇವರಾಣೆ.’

‘ನಾನೆಲ್ಲಿ ಕೂಗ್ದೆನಯ್ಯಾ?’ ಎಂದರು ಮೇಷ್ಟ್ರು. ಆಮೇಲೆ ಮುನೆಪ್ಪನ ಮುಖವನ್ನೇ ನೋಡಿದರು. ಆ ಮನುಷ್ಯ ಸುಳ್ಳು ಹೇಳುವವನಲ್ಲ, ಅದು ಅವರಿಗೂ ಗೊತ್ತು. ಅವರ ಮುಖ — ಹೇಗೆ ಬರೆಯಲಿ — ಒಳಗೆ ಯಾರೋ ದೀಪ ಆರಿಸಿ ಹೋದ ಹಾಗಾಯಿತು.

‘ಕೂಗಿರ್ಬೇಕು’ ಎಂದರು. ‘ನಾನೇ ಕೂಗಿರ್ಬೇಕು. ನಮ್ಮಕ್ಕನಿಗೂ ಹಿಂಗೇ ಶುರುವಾಗಿದ್ದು.’

ಅವರ ಅಕ್ಕ ಕೊನೆಗಾಲದಲ್ಲಿ ಹೆತ್ತ ಮಕ್ಕಳನ್ನೇ ಯಾರು ನೀವೆಂದು ಕೇಳುತ್ತಿದ್ದದ್ದು ನಮ್ಮ ಎರಡೂ ಬೀದಿಗೆ ಗೊತ್ತಿತ್ತು. ನಾನು ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿದ್ದೆ. ‘ಕೂಗಿದ್ದು ನಾನು ಸಾರ್’ — ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಏಟು ಬೀಳುತ್ತಿತ್ತು, ಬೀಳಬೇಕಿತ್ತು. ಸೀನ ನನ್ನ ಕೈ ಅದುಮಿದ. ಅವನು ಅದುಮದಿದ್ದರೂ ನಾನು ಬಾಯಿ ಬಿಡುತ್ತಿರಲಿಲ್ಲ. ಊರಿನವರ ಬಾಯೆಲ್ಲ ನನ್ನದು ಎಂದು ಮೆರೆಯುವವನ ಬಾಯಿ ಅವತ್ತು ಹೊಲಿದುಕೊಂಡಿತ್ತು!

ಮೇಷ್ಟ್ರು ಚರ್ಚು ತೋರಿಸುವುದನ್ನು ಬಿಟ್ಟರು. ಅದನ್ನು ಬಿಡಿಸಿದವರು ಯಾರೂ ಇಲ್ಲ, ಅವರೇ ಬಿಟ್ಟರು. ಸ್ಕೂಟರು ಮಾರಿದರು. ಮಗಳು ಬೆಂಗಳೂರಿಗೆ ಕರೆದೊಯ್ದು ತೋರಿಸಿದಳು. ಏನೂ ಇಲ್ಲ ಎಂದರು ಡಾಕ್ಟರು. ‘ಅಕ್ಕನಿಗೂ ಮೊದ್ಲು ಏನೂ ಇಲ್ಲ ಅಂದಿದ್ರು’ ಎಂದರಂತೆ ಇವರು. ಜೋರಾಗಿ ಮಾತಾಡುವುದೇ ನಿಂತಿತು. ಏನಾದರೂ ಹೇಳುವ ಮುಂಚೆ ಒಂದು ಗಳಿಗೆ ತಡೆದು, ಹೇಳಿದ ಮೇಲೆ ‘ನಾನು ಈಗೇನಂದೆ?’ ಎಂದು ಎದುರಿನವರನ್ನು ಕೇಳುತ್ತಿದ್ದರು.

ಇವೆಲ್ಲ ಇರಲಿ. ಮೊಮ್ಮಗಳು ಗ್ರೇಸಿಯ ಮಾತು ಬರೆಯಬೇಕು. ಆಗ ಅವಳು ಯುಕೆಜಿ. ದಿನವೂ ತಾತನೇ ಅವಳ ಕೈ ಹಿಡಿದು ‘ಎಡ, ಬಲ, ಎಡ, ಬಲ’ ಎಂದು ಕವಾಯತು ಮಾಡಿಸುತ್ತ ದೊಡ್ಡ ರಸ್ತೆ ದಾಟಿಸಿ ಶಾಲೆಗೆ ಬಿಡುತ್ತಿದ್ದರು, ಕರೆತರುತ್ತಿದ್ದರು. ಆ ಶನಿವಾರ ಕಳೆದು ಸೋಮವಾರ ಅವರು ಹೊರಡಲಿಲ್ಲ. ‘ಎಲ್ಲಾದ್ರೂ ಬಿಟ್ಟು ಬಂದ್ಬಿಡ್ತೀನಿ ಇವಳನ್ನ. ಬೇಡ’ ಎಂದರು. ಮಗು ಗೇಟು ಹಿಡಿದು ‘ತಾತಾ ಬಾ’ ಎಂದು ಅತ್ತಿತು. ಒಂದು ವಾರ ಅತ್ತಿತು. ಆಮೇಲೆ ಆಟೋ ಗೊತ್ತು ಮಾಡಿದರು. ನಾನು ಅದೇ ಬೀದಿಯಲ್ಲಿ ಬೈಕು ನಿಲ್ಲಿಸಿಕೊಂಡು ನೋಡುತ್ತಿದ್ದೆ, ನೋಡಿ ಕಾಲೇಜಿಗೆ ಹೋಗುತ್ತಿದ್ದೆ.

ಇನ್ನೂ ಇದೆ, ಕೇಳಿ. ಆ ಧ್ವನಿಯನ್ನು ನಾನು ಬಿಡಲಿಲ್ಲ. ‘ಪಿ.ಟಿ. ಮೇಷ್ಟ್ರ ಟೂರು’ ಎಂದು ಐಟಂ ಮಾಡಿದೆ. ಬೀಗದ ಮಾತು ತೆಗೆದು ಮಿಕ್ಕದ್ದೆಲ್ಲ ಇಟ್ಟೆ — ಕ್ಯೂ, ಕೈ ಮುಗಿಯುವುದು, ಹೈದರಾಬಾದಿನ ಲಾರಿ. ಮಂಚೇನಹಳ್ಳಿಯಲ್ಲಿ ಜನ ಕುರ್ಚಿ ಮೇಲೆ ಹತ್ತಿ ಶಿಳ್ಳೆ ಹೊಡೆದರು. ನೀವೂ ಹೊಡೆದಿರಬಹುದು. ನಿಮಗೇನು ಗೊತ್ತಿತ್ತು? ಗೊತ್ತಿದ್ದವನು ನಾನು; ಬಗ್ಗಿ ನಮಸ್ಕಾರ ಮಾಡಿ ಚಪ್ಪಾಳೆ ತಗೊಂಡೆ.

ಹೋದ ತಿಂಗಳು ಚಿಂತಾಮಣಿಯಲ್ಲಿ ಒಂದು ಆರತಕ್ಷತೆ. ಐಟಂ ಮುಗಿಸಿ ಇಳಿದಾಗ ಹೆಂಗಸೊಬ್ಬರು ಎದುರು ಬಂದು ನಿಂತರು. ಮೇಷ್ಟ್ರ ಮಗಳು. ಓಡಿಹೋಗೋಣವೆಂದರೆ ಹಿಂದೆ ಸ್ಪೀಕರ್ ಬಾಕ್ಸು. ಆಕೆ ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು.

‘ನಮ್ಮಪ್ಪನ್ನ ಮಾಡಿದ್ದು ಅಲ್ವೇನಪ್ಪಾ? ಮೊದ್ಲು ಥೇಟ್ ಹಿಂಗೇ ಮಾತಾಡೋರು. ಈಗ ಆ ಧ್ವನಿ ಇಲ್ಲ. ಇನ್ನೊಂದ್ಸಲ ಮಾಡ್ತೀಯಾ? ಫೋನಲ್ಲಿ ರೆಕಾರ್ಡ್ ಮಾಡ್ಕೋತೀನಿ.’

ಮಾಡಿದೆ. ಆಕೆ ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಿದ್ದರು, ನಾನು ಮಾಡಿದೆ. ‘ಥ್ಯಾಂಕ್ಸ್ ಕಣಪ್ಪಾ’ ಎಂದರು. ನನ್ನ ಮೇಲೆ ನನಗೆ ಹೇಸಿಗೆ ಬಂದದ್ದು ಆಗ. ಅಷ್ಟು ತಡವಾಗಿ.

ಮಾರನೆಯ ದಿನ ಮಧ್ಯಾಹ್ನ ಅವರ ಮನೆಗೆ ಹೋದೆ. ಮೇಷ್ಟ್ರು ಒಬ್ಬರೇ ಇದ್ದರು. ಹೇಳಿದೆ. ಅವರು ಪೂರ್ತಿ ಕೇಳಿ, ನನ್ನ ಭುಜ ತಟ್ಟಿದರು.

‘ಒಳ್ಳೇ ಹುಡುಗ ಕಣಪ್ಪಾ ನೀನು. ಮುದುಕನಿಗೆ ಸಮಾಧಾನ ಮಾಡಕ್ಕೆ ಬಂದಿದೀಯ. ಮಗಳು ಹೇಳ್ಕಳ್ಸಿದ್ಲಾ?’

ನಂಬಲಿಲ್ಲ. ಮತ್ತೆ ಹೇಳಿದೆ, ನಂಬಲಿಲ್ಲ. ಉಳಿದದ್ದು ಒಂದೇ ದಾರಿ. ಅವರ ಎದುರೇ ನಿಂತು, ಅವರ ಕೆಮ್ಮು ಕೆಮ್ಮಿ, ಅವರ ಗಂಟಲಿನಲ್ಲಿ ಕೂಗಿದೆ. ‘ಎಲ್ಲಾ ಇಳಿದ್ರಪ್ಪಾ, ಬೀಗ ಹಾಕು!’

ನನ್ನ ಭುಜದ ಮೇಲಿದ್ದ ಕೈ ಕೆಳಗಿಳಿಯಿತು.

‘ಇನ್ನೊಂದ್ಸಲ ಹೇಳು.’

ಹೇಳಿದೆ.

‘ಇನ್ನೊಂದ್ಸಲ.’

ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿ ಎಂದು ಆಸೆಪಟ್ಟೆ ಎಂದೇ ಹೇಳಬೇಕು. ಹೊಡೆದರೆ ನನ್ನ ಸಾಲ ಒಂದಿಷ್ಟಾದರೂ ತೀರಿದಂತೆ. ಆ ಅನುಕೂಲವನ್ನೂ ಅವರು ನನಗೆ ಮಾಡಿಕೊಡಲಿಲ್ಲ.

‘ಲೇಯ್’ ಎಂದರು. ಎಷ್ಟು ಜೋರಾಗಿ ಎಂದರೆ ಪಕ್ಕದ ಮನೆಯ ಕಿಟಕಿ ತೆರೆಯಿತು. ‘ಮೂರು ವರ್ಷ ಕಣೋ! ಆ ಮಗು ಕೈ ಮುಟ್ಟಿಲ್ಲ ನಾನು! ಗೇಟಲ್ಲಿ ನಿಂತು ಬಾ ತಾತಾ ಅಂತ ಅಳ್ತಿತ್ತು — ನೀನು ಇಲ್ಲೇ ಇದ್ಯಲ್ಲೋ! ಇದೇ ಬೀದೀಲಿ! ಬೆಳಿಗ್ಗೆ ನಮಸ್ಕಾರ ಸಾರ್ ಅಂತಿದ್ಯಲ್ಲೋ ನಂಗೆ!’

ಅಂತಿದ್ದೆ. ಹೌದು. ಅದನ್ನು ನಾನು ಬರೆಯದೆ ಬಿಟ್ಟಿದ್ದೆ, ನೋಡಿ.

‘ಕ್ಷಮಿಸಿ’ ಎನ್ನಲು ಬಾಯಿ ತೆರೆದೆ. ಕೈ ಎತ್ತಿ ತಡೆದರು. ಗಡಿಯಾರ ನೋಡಿದರು. ಅಂಗಿಯ ಗುಂಡಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ನನ್ನನ್ನು ಬಾಗಿಲಲ್ಲೇ ಬಿಟ್ಟು ಹೊರಟರು. ಬೀದಿ ದಾಟಿ, ಅಂಗಡಿ ಸಾಲು ದಾಟಿ, ದೊಡ್ಡ ರಸ್ತೆಯ ಕಡೆಗೆ. ಹಿಂದೆ ಹೋಗಬಾರದಿತ್ತು. ಹೋದೆ.

ಶಾಲೆ ಬಿಟ್ಟಿತ್ತು. ಗ್ರೇಸಿ ಈಗ ಮೂರನೇ ಕ್ಲಾಸು, ಎತ್ತರ ಬಂದಿದ್ದಾಳೆ. ಗೆಳತಿಯರ ಗುಂಪಿನಲ್ಲಿ ನಗುತ್ತ ಬರುತ್ತಿದ್ದವಳು ತಾತನನ್ನು ಗೇಟಿನ ಮುಂದೆ ಕಂಡು ನಿಂತುಬಿಟ್ಟಳು.

‘ಏನ್ ತಾತಾ? ಮನೇಲಿ ಏನಾದ್ರೂ ಆಯ್ತಾ?’

‘ಏನಿಲ್ಲ ಕಣಮ್ಮಾ. ಬಾ, ರೋಡು ದಾಟ್ಸ್ತೀನಿ’ ಎಂದು ಮೇಷ್ಟ್ರು ಅವಳ ಕೈ ಹಿಡಿದರು.

ಅವಳು ಗೆಳತಿಯರ ಕಡೆ ನೋಡಿದಳು. ಅವರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿಯುತ್ತಿದ್ದರು. ಅವಳ ಮುಖ ಕೆಂಪಾಯಿತು. ‘ಅಯ್ಯೋ, ಬಿಡು ತಾತಾ. ನಾನೇನ್ ಪಾಪುನಾ?’ ಎಂದು ಕೈ ಬಿಡಿಸಿಕೊಂಡಳು. ಸಿಟ್ಟಿನಿಂದಲ್ಲ, ಎಲ್ಲ ಮಕ್ಕಳೂ ಬಿಡಿಸಿಕೊಳ್ಳುವ ಹಾಗೆ. ಎರಡೂ ಕಡೆ ನೋಡಿ, ಚೆನ್ನಾಗಿ ನೋಡಿ, ಗೆಳತಿಯರ ಜೊತೆ ರಸ್ತೆ ದಾಟಿ ಆಟೋ ಹತ್ತಿದಳು.

ಮೇಷ್ಟ್ರು ಅಲ್ಲೇ ನಿಂತಿದ್ದರು. ತಿರುಗಿದಾಗ ನನ್ನನ್ನು ಕಂಡರು. ಅವರ ಕಣ್ಣಿನಲ್ಲಿ ನೀರಿರಲಿಲ್ಲ, ಬೆಂಕಿ ಇತ್ತು.

‘ನೋಡ್ದೇನೋ?’ ಎಂದರು.

ನೋಡಿದೆ, ಸಾರ್.