ಫಿನಾಯಿಲ್ ಬಾನಿಯ ಆಚೆ ನನ್ನ ಕೂಸು

ನಿಜಾಮರ ಕಾಲ. ಇರಕಲ್ಲಗಡದ ಹೊರಗೆ ಸರ್ಕಾರ ದನದ ಬೇನೆಗೆಂದು ಒಂದು ದವಾಖಾನೆ ಮಾಡಿತ್ತು. ದವಾಖಾನೆ ಎಂದರೆ ತಗಡಿನ ಶೆಡ್ಡು, ಸುತ್ತ ಆಳೆತ್ತರದ ಮುಳ್ಳುಬೇಲಿ, ಬಾಗಿಲಲ್ಲಿ ಫಿನಾಯಿಲ್ ತುಂಬಿದ ಕಲ್ಲಿನ ಬಾನಿ. ಬೇನೆ ಬಿದ್ದ ದನ ಒಳಗೆ ಹೋಗಬೇಕು. ಒಳಗಿನ ಹುಲ್ಲುಕಡ್ಡಿಯೂ ಹೊರಗೆ ಬರಬಾರದು. ಡಾಕ್ಟರ್ ಸಾಹೇಬರೊಬ್ಬರೇ ಬಾನಿಯಲ್ಲಿ ಕಾಲದ್ದಿ, ಕೊಕ್ಕರೆಯಂತೆ ಒಂದೊಂದೇ ಕಾಲೆತ್ತಿ ಓಡಾಡುತ್ತಿದ್ದರು.

ನಮ್ಮ ಎಮ್ಮೆ ಜೊಲ್ಲು ಸುರಿಸಿದ್ದೇ ತಡ, ಎಳೆದುಕೊಂಡು ಹೋದರು. ಬಾಣಂತಿ ಜ್ವರದಲ್ಲಿ ನನ್ನ ಎದೆಹಾಲು ಬತ್ತಿತ್ತು. ಕೂಸು ಬದುಕಿದ್ದೇ ಆ ಎಮ್ಮೆಯ ಹಾಲಿನ ಮೇಲೆ. ನೆರೆಮನೆಯಲ್ಲಿ ಕೇಳೋಣವೆಂದರೆ ಊರಲ್ಲಿ ವಾರ ಹಿಡಿದಿದ್ದರು. ಬೇನೆ ಹೋಗಲಿ ಎಂದು ಊರದೇವಿಯ ವಾರ ಹಿಡಿದರೆ, ಮುಗಿಯುವ ತನಕ ಯಾರ ಮನೆಯ ಹಾಲೂ ಹೊಸ್ತಿಲು ದಾಟುವಂತಿಲ್ಲ. ಸರ್ಕಾರವೂ ದೇವಿಯೂ ಮಾತಾಡಿಕೊಂಡೇ ನನ್ನ ಕೂಸಿನ ಮೇಲೆ ಬಿದ್ದಿದ್ದರು. ಜೋಳದ ಗಂಜಿ ಹಾಕಿದರೆ ಉಗುಳುತ್ತಿತ್ತು. ದಿನದಿನಕ್ಕೆ ಸೊರಗಿತು.

ಎಮ್ಮೆ ಬೇನೆ ಗೆದ್ದು ಮತ್ತೆ ಹಾಲು ಕೊಡುತ್ತಿದೆ ಎಂಬ ಸುದ್ದಿ ಬಂದದ್ದೇ, ನಮ್ಮ ಅತ್ತೆ ಬೇಲಿಯ ಬಾಗಿಲಿಗೆ ಹೋಗಿ ನಿಂತಳು. ಅವಳ ಬಾಯಿಗೆ ಊರ ಗೌಡನೂ ಹೆದರುತ್ತಿದ್ದ. ಕೂಸನ್ನೆತ್ತಿಕೊಂಡು ನಾನು ಹಿಂದೆ.

“ಎಮ್ಮಿ ಬಿಡ್ರಿ ಸಾಹೇಬ್ರ.”

“ಬಿಡಾಕ ಬರಂಗಿಲ್ಲವ್ವ. ಬ್ಯಾನಿ ಗೆದ್ದ ದನದ ರಕ್ತದಿಂದ ಔಷಧ ಮಾಡ್ತೀವಿ.”

“ರಕ್ತ ನೀವ ಇಟ್ಕೋರಿ. ಹಾಲು ಕೊಡ್ರಿ, ಬೇಕಾದ್ರ ಕಾಸಿ ಕೊಡ್ರಿ.”

“ಹಾಲು ಹೊರಗ ಕೊಡಾಕ ಹುಕುಂ ಇಲ್ಲ.”

“ಒಳಗ ಕುಡಿಯಾಕ?”

ಸಾಹೇಬರು ತಲೆ ಕೆರೆದುಕೊಂಡರು. ಅದರ ಬಗ್ಗೆ ಹೈದರಾಬಾದಿನಿಂದ ಏನೂ ಬಂದಿರಲಿಲ್ಲ.

ಅತ್ತೆ ನನ್ನ ಕಂಕುಳಿನಿಂದ ಕೂಸನ್ನು ಕಿತ್ತುಕೊಂಡು, ಬಾನಿ ದಾಟಿ ಒಳಗೆ ಹೋಗೇಬಿಟ್ಟಳು. ಸಾಹೇಬರು ಕೂಗಿಕೊಂಡರು: “ಏ ಅವ್ವ, ಇನ್ನ ಹೊರಗ ಬರಾಕ ಬರಂಗಿಲ್ಲ!”

“ಬರ್ತೀನಂತ ಯಾರಂದ್ರು?”

ನಾನೂ ಕಾಲೆತ್ತಿದೆ. “ನೀ ಎಲ್ಲಿಗಿ? ಗಂಡಸರಿಗೆ ರೊಟ್ಟಿ ಯಾರು ಬಡೀತಾರ?” ಎಂದು ಗದರಿದಳು.

ಮುಂದೆ ದಿನಾ ರೊಟ್ಟಿಗಂಟು ಬೇಲಿಯಾಚೆ ಎಸೆದು ಬರುತ್ತಿದ್ದೆ. ಶೆಡ್ಡು ಗುಡಿಸಿಲ್ಲವೆಂದು ಅತ್ತೆ ಸಾಹೇಬರಿಗೆ ಬೈಯುವುದು ಕೇಳುತ್ತಿತ್ತು. ಆಮೇಲಾಮೇಲೆ ಕೂಸಿನ ನಗುವೂ ಕೇಳತೊಡಗಿತು. ನನಗೆ ಸಂತೋಷ, ಹೊಟ್ಟೆಕಿಚ್ಚು ಎರಡೂ ಆಗುತ್ತಿತ್ತು.

ಮಳೆಗಾಲ ಹತ್ತಿದಾಗ, ಬೇನೆ ಅಡಗಿತೆಂದು ಬೇಲಿ ಕಿತ್ತರು. ಎಮ್ಮೆ, ಅತ್ತೆ, ಕೂಸು ಮೂವರೂ ಫಿನಾಯಿಲ್ ನಾರುತ್ತ ಹೊರಬಂದರು. ಕೂಸು ದುಂಡಗಾಗಿತ್ತು. ನಾನು ಕೈ ಚಾಚಿದರೆ ಚಿಟ್ಟನೆ ಚೀರಿ ಅತ್ತೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು. ನಾನು ಅಲ್ಲೇ ಕೂತು ಅಳತೊಡಗಿದೆ.

“ಅಳಬ್ಯಾಡ ಹುಚ್ಚಿ,” ಎಂದಳು ಅತ್ತೆ, ತಾನೂ ಕಣ್ಣೊರೆಸಿಕೊಳ್ಳುತ್ತ. “ಅದಕ್ಕ ಈ ವಾಸನಿ ರೂಢಿ ಆಗೈತಿ. ನೀನೂ ಒಂದೀಟು ಹಚ್ಕೋ.”

ಬಾನಿಯಲ್ಲಿ ಮೊಳಕೈ ತನಕ ಕೈ ಅದ್ದಿದೆ, ಕುಪ್ಪಸಕ್ಕೂ ಸವರಿಕೊಂಡೆ. ಕೂಸು ನನ್ನನ್ನು ಮೂಸಿ ನೋಡಿ, ನಿಧಾನಕ್ಕೆ ಕೈ ಚಾಚಿತು.